ಆ ಬದಿಯ ಅಂಚು

ನಮ್ಮ ಮನೆಯಲ್ಲಿ ಯೇಸುಸ್ವಾಮಿಯ ತಿರುಹೃದಯದ ಪಟ ಇದ್ದದ್ದು ಮಗ್ಗದ ನೆತ್ತಿಯ ಮೇಲೆ. ಬೇರೆ ಕ್ರೈಸ್ತರ ಮನೆಗಳಲ್ಲಿ ಅದು ತಲೆಬಾಗಿಲಿಗೆ ಎದುರಾಗಿ, ಪುಟ್ಟ ಕೆಂಪು ದೀಪದ ಹಿಂದೆ ಇರುತ್ತಿತ್ತು. ಮೊಳಕಾಲ್ಮೂರಿನ ನಮ್ಮ ನಡುಮನೆಯನ್ನು ಮಗ್ಗವೇ ನುಂಗಿಕೊಂಡಿದ್ದರಿಂದ ಸ್ವಾಮಿಯೂ ಅಲ್ಲೇ ಅಡ್ಜಸ್ಟ್ ಮಾಡಿಕೊಳ್ಳಬೇಕಾಗಿತ್ತು. ರೇಷ್ಮೆಯ ನವಿರಾದ ಧೂಳು ಎದ್ದು ಪಟದ ಚೌಕಟ್ಟಿಗೆ ಅಂಟಿಕೊಳ್ಳುತ್ತಿತ್ತು. ಹಸಿರು ಸೀರೆ ನೇಯುವ ತಿಂಗಳು ಹಸಿರು ಧೂಳು, ಕುಂಕುಮ ಬಣ್ಣದ ಸೀರೆಯ ತಿಂಗಳು ಕೆಂಪು ಧೂಳು. ಶನಿವಾರ ಸ್ಟೂಲು ಹತ್ತಿ ಅದನ್ನು ಒರೆಸುವುದು ನನ್ನ ಕೆಲಸ. ಪಟದ ಅಡಿಯಲ್ಲಿ ‘ನಿಮ್ಮಲ್ಲೇ ನನ್ನ ಭರವಸೆ’ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಓದಲು ಕಲಿತ ಹೊಸದರಲ್ಲಿ ನಾನು ಗಟ್ಟಿಯಾಗಿ ಓದಿದ ಮೊದಲ ಸಾಲು ಅದೇ. ಕೆಳಗೆ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದ ಅವ್ವ ತಲೆಯೆತ್ತದೆ, “ಹೂಂ, ಒರೆಸು. ಮೂಲೆ ಬಿಡಬ್ಯಾಡ,” ಎಂದಿದ್ದಳು. ಅಕ್ಷರ ಬಾರದ ಅವಳಿಗೆ ಆ ಸಾಲು ಯಾವಾಗಿನಿಂದ ಗೊತ್ತಿತ್ತೋ ನಾನು ಕೇಳಲಿಲ್ಲ.

ನಮ್ಮ ಕೇರಿಯಲ್ಲಿ ಗಂಡಸರು ಮಗ್ಗದ ಗುಂಡಿಗೆ ಇಳಿಯುತ್ತಿದ್ದರು, ಹೆಂಗಸರು ಲಾಳಿಗೆ ಹಾಕುವ ಕಂಡಿಕೆಗೆ ಎಳೆ ಸುತ್ತುತ್ತಿದ್ದರು. ನಮ್ಮ ಮನೆಯಲ್ಲಿ ಎಲ್ಲ ಉಲ್ಟಾ. ಅಪ್ಪ ಉಪದೇಶಿ. ಚಳ್ಳಕೆರೆಯಿಂದ ಪಾದ್ರಿ ಸ್ವಾಮಿಗಳು ತಿಂಗಳಿಗೊಮ್ಮೆ ಬಂದು ಪೂಜೆ ಮಾಡಿ ಹೋದರೆ, ಉಳಿದ ದಿನಗಳ ಪ್ರಾರ್ಥನೆ, ಮಕ್ಕಳ ಪಾಠ, ಸಾವಿನ ಮನೆಯ ಸಮಾಧಾನ ಎಲ್ಲ ಅಪ್ಪನದು. ಬೆಳಿಗ್ಗೆ ಸೈಕಲ್ ಹತ್ತಿ ಸಿದ್ದಾಪುರದ ಕಡೆ ಹೋದರೆ ಹಿಂದಿರುಗುವಾಗ ಕ್ಯಾರಿಯರಿನಲ್ಲಿ ಯಾರೋ ಕೊಟ್ಟ ಶೇಂಗಾ, ಹುರುಳಿಕಾಳು, ಒಂದೊಂದು ಸಲ ಕಾಲು ಕಟ್ಟಿದ ಕೋಳಿ. ಹಾಗಾಗಿ ಮಗ್ಗ ಅವ್ವನ ಪಾಲಿಗೆ ಬಂದಿತ್ತು. ಪಕ್ಕದ ಮನೆಯ ರಾಮಕ್ಕ ಕಿಟಕಿಯಿಂದ ಇಣುಕಿ, ನಿಮ್ಮ ಮನೆಯಲ್ಲಿ ಗಂಡಸು ಯಾರೇ ಎಂದು ತೆಲುಗಿನಲ್ಲಿ ಛೇಡಿಸುತ್ತಿದ್ದಳು.

“ಅನ್ನಮ್ಮಾ, ಮೀ ಇಂಟ್ಲೋ ಮಗವಾಡು ಎವರೇ?”

“ಮ್ಯಾಲೆ ಪಟದಾಗೆ ಅವ್ನೆ. ಕೇಳ್ಕೊಂಡು ಹೋಗು,” ಎಂದು ಅವ್ವ ಲಾಳಿ ಎಸೆಯುತ್ತಿದ್ದಳು.

ಇನ್ನು ಅವ್ವ ಕೂರುವ ರೀತಿಯನ್ನು ಹೇಳಿಬಿಡಬೇಕು, ಏಕೆಂದರೆ ನನ್ನ ಹೊಟ್ಟೆಕಿಚ್ಚಿನ ಕಥೆಯೆಲ್ಲ ಅಲ್ಲೇ ಇದೆ. ನಮ್ಮ ಕಡೆಯ ಸೀರೆಗೆ ಒಡಲಿನದೊಂದು ಬಣ್ಣ, ಅಂಚಿನದೊಂದು ಬಣ್ಣ. ಅಗಲವಾದ ಅಂಚು. ಒಡಲಿನ ಎಳೆ ಅಂಚಿನ ಹತ್ತಿರ ಬಂದಾಗ ಅದಕ್ಕೂ ಅಂಚಿನ ಎಳೆಗೂ ಕೊಂಡಿ ಹಾಕಬೇಕು, ಪ್ರತಿಯೊಂದು ಎಳೆಗೂ. ಬಲಗಡೆಯ ಅಂಚನ್ನು ನೇಯುವವಳೇ ನೋಡಿಕೊಳ್ಳುತ್ತಾಳೆ. ಎಡಗಡೆಯ ಅಂಚು ಅವಳ ಕೈಗೆ ದೂರ. ಅಲ್ಲಿ ಒಂದು ಗಿಡ್ಡ ಹಲಗೆಯ ಮೇಲೆ ಇನ್ನೊಬ್ಬರು ಕೂತು ಪುಟ್ಟ ಲಾಳಿಯಿಂದ ಕೊಂಡಿ ಹಾಕಿ ದಾಟಿಸಬೇಕು. ಒಂದು ಕೊಂಡಿ ತಪ್ಪಿದರೆ ಕಣ್ಣಿಗೆ ಕಾಣದು. ನಾಲ್ಕು ತಪ್ಪಿದರೆ ಒಡಲಿಗೂ ಅಂಚಿಗೂ ನಡುವೆ ಸೀಳು ಬಿಡುತ್ತದೆ, ಉಟ್ಟಷ್ಟೂ ದೊಡ್ಡದಾಗುತ್ತದೆ. ಆ ಗಿಡ್ಡ ಹಲಗೆಯ ಮೇಲೆ ಕೂರುತ್ತಿದ್ದವಳು ನನ್ನ ತಂಗಿ, ನನಗಿಂತ ಮೂರು ವರ್ಷ ಚಿಕ್ಕವಳು, ಲೂರ್ದಮ್ಮ. ನಮಗೆಲ್ಲ ಲೂರ್ದು.

ಲೂರ್ದು ದಿನಕ್ಕೆ ಹತ್ತು ಸಲ ತಪ್ಪುತ್ತಿದ್ದಳು. ನಾನು ಎಣಿಸುತ್ತಿದ್ದೆ. ನಡುಮನೆಯ ಮೂಲೆಯಲ್ಲಿ ಹೋಮ್‌ವರ್ಕ್ ಬರೆಯುತ್ತಾ ಪುಸ್ತಕದ ಹಿಂದಿನ ರಟ್ಟಿನ ಮೇಲೆ ಗೀಟು ಹಾಕುತ್ತಿದ್ದೆ. ಅವಳು ತಪ್ಪಿದ ಕೂಡಲೇ ತಾನೇ ಹೇಳಿಬಿಡುತ್ತಿದ್ದಳು, ಮೂಗು ಸುರಿಯುತ್ತಿದೆ ಎಂದು ಹೇಳುವಷ್ಟು ಸಲೀಸಾಗಿ.

“ತಪ್ತವ್ವಾ.”

“ಎಷ್ಟೆಳೆ?”

“ಎಲ್ಡು.”

ಅವ್ವ ಎರಡು ಎಳೆ ಹಿಂದಕ್ಕೆ ತೆಗೆಯುತ್ತಿದ್ದಳು. ಬೈಗುಳವಿಲ್ಲ, ನಿಟ್ಟುಸಿರಿಲ್ಲ. ಮತ್ತೆ ಎಳೆ ಬಡಿದು ಕೂರಿಸುವ ಮಗ್ಗದ ಏಟು, ಮತ್ತೆ ಲಾಳಿ. ಮತ್ತು ಅವ್ವ ಯಾವತ್ತೂ ಆ ಕಡೆ ತಿರುಗಿ ನೋಡುತ್ತಿರಲಿಲ್ಲ. ಅಷ್ಟು ತಪ್ಪುವ ಹುಡುಗಿಯ ಅಂಚನ್ನು ಒಂದು ಸಲವೂ ಬಗ್ಗಿ ನೋಡುತ್ತಿರಲಿಲ್ಲ. ಸೀರೆ ಮುಗಿದಾಗಲೂ ಬಲಗಡೆಯನ್ನು ತಾನು ಸವರಿ, ಎಡಗಡೆಯನ್ನು ಹಾಗೆಯೇ ಮಡಿಸಿ ಇಟ್ಟುಬಿಡುತ್ತಿದ್ದಳು. ಎಲ್ಲ ಮಕ್ಕಳೂ ಅವ್ವ ತಮ್ಮನ್ನು ನೋಡಲಿ ಎಂದು ಹಂಬಲಿಸುತ್ತಾರೆ. ನಾನು ಒಬ್ಬಳೇ ಇರಬೇಕು, ಅವ್ವ ನನ್ನನ್ನು ನೋಡದೇ ಇರಲಿ, ಲೂರ್ದುವಿನ ಹಾಗೆ ನೋಡದೇ ಬಿಡಲಿ ಎಂದು ಅತ್ತವಳು.

ನಾನೂ ಆ ಹಲಗೆಯ ಮೇಲೆ ಕೂತವಳೇ. ಲೂರ್ದು ನೀರಿಗೆ ಹೋದಾಗ, ಅವಳಿಗೆ ಕೆಮ್ಮು ಬಂದಾಗ. ನನ್ನ ಕೈ ಅವಳದಕ್ಕಿಂತ ಚುರುಕು, ನೋ ಡೌಟ್. ತಪ್ಪಿದರೆ ನಾನು ಗಲಾಟೆ ಮಾಡುತ್ತಿರಲಿಲ್ಲ. ಬೆರಳ ತುದಿಗೆ ಎಂಜಲು ಮಾಡಿಕೊಂಡು ಆ ಎಳೆಯನ್ನು ಅಂಚಿಗೆ ಒತ್ತಿ ಕೂರಿಸಿ ಮುಂದೆ ಹೋಗುತ್ತಿದ್ದೆ. ಆದರೆ ನಾನು ಕೂತ ದಿನ ಅವ್ವ ಗೇಣು ಗೇಣಿಗೂ ಮಗ್ಗ ನಿಲ್ಲಿಸಿ, ಸೊಂಟ ತಿರುಗಿಸಿ, ನನ್ನ ಕಡೆಯ ಅಂಚನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ.

“ಲೂರ್ದು ಕುಂತಾಗ ನೋಡಲ್ಲ, ನಾನು ಕುಂತ್ರೆ ಮಾತ್ರ ಯಾಕವ್ವ ಹಂಗ್ ನೋಡ್ತೀಯ?”

ಅವ್ವ ಹಿಡಿದಿದ್ದ ಅಂಚನ್ನು ಬಿಟ್ಟು ಲಾಳಿ ಕೈಗೆತ್ತಿಕೊಂಡಳು. ಆಮೇಲೆ ಹೇಳಿದಳು:

“ನೋಡ್ದೆ ಇರಾಕೆ ನಂಗೂ ಆಸೆ ಐತೆ ಪಿಲ್ಲಮ್ಮ.”

ಫಿಲೋಮಿನಾ ಎಂಬ ನನ್ನ ಹೆಸರು ಆ ಮನೆಯಲ್ಲಿ ಪಿಲ್ಲಮ್ಮ ಆಗಿತ್ತು. ಆ ಉತ್ತರ ನನಗೆ ಅರ್ಥವಾಗಲಿಲ್ಲ. ಅರ್ಥವಾಗದ್ದನ್ನೆಲ್ಲ ನಾನು ಪಕ್ಷಪಾತದ ಲೆಕ್ಕಕ್ಕೆ ಹಾಕುತ್ತಿದ್ದೆ. ಮುದ್ದೆಯ ಪಾತ್ರೆಯ ತಳಕ್ಕೆ ಹತ್ತಿದ ಸೀಕು ಲೂರ್ದುವಿಗೆ. ಅವ್ವನ ಪಕ್ಕದ ಚಾಪೆ ಲೂರ್ದುವಿಗೆ. ಅಪ್ಪ ಸಂಜೆಯ ಜಪಸರವನ್ನು ಎಳೆದೆಳೆದು ಹೇಳುವಾಗ ಅವ್ವನ ತೊಡೆಯ ಮೇಲೆ ಬಿದ್ದುಕೊಂಡು ನಿದ್ದೆ ಹೋಗುವ ಹಕ್ಕೂ ಲೂರ್ದುವಿಗೆ. ನಾನು ಮಾತ್ರ ನೆಟ್ಟಗೆ ಮೊಣಕಾಲೂರಿ, ಪ್ರತಿ ‘ಆಮೆನ್’ ಅನ್ನೂ ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದೆ. ಕಾನ್ವೆಂಟಿನ ಸಿಸ್ಟರುಗಳು ನಮ್ಮಿಬ್ಬರಲ್ಲಿ ಒಬ್ಬಳನ್ನು ಚಳ್ಳಕೆರೆಯ ಬೋರ್ಡಿಂಗಿಗೆ ಸೇರಿಸಿಕೊಳ್ಳುತ್ತೇವೆ ಎಂದಾಗ ಅಪ್ಪ ನನ್ನನ್ನು ಆರಿಸಿದ್ದು ಆ ಜೋರು ಗಂಟಲಿಗಾಗಿಯೇ ಇರಬೇಕು.

ಹಾಗೆ ನನಗೆ ಶೂಸು, ಸಾಕ್ಸು, ಇಂಗ್ಲಿಷು ಎಲ್ಲ ಸಿಕ್ಕವು. ಕೇರಿಯ ಮಕ್ಕಳಿಗೆ ನನ್ನನ್ನು ಕಂಡರೆ ಹೊಟ್ಟೆಯುರಿ. ಅವರಿಗೇನು ಗೊತ್ತು, ಬೋರ್ಡಿಂಗಿನ ಉದ್ದನೆಯ ಡಾರ್ಮಿಟರಿಯಲ್ಲಿ ಮಲಗಿ ನಾನು ಹೊಟ್ಟೆ ಉರಿದುಕೊಳ್ಳುತ್ತಿದ್ದದ್ದು ಮೂಗು ಸುರಿಸುವ, ಬರಿಗಾಲಿನ, ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟ ಒಬ್ಬ ಹುಡುಗಿಯ ಮೇಲೆ ಎಂದು? ಹೋಮ್‌ಸಿಕ್ ಎನ್ನುತ್ತಿದ್ದರು ಸಿಸ್ಟರ್. ಮನೆ ನೆನಪಾಗುತ್ತಿದ್ದದ್ದು ನಿಜ. ಆದರೆ ನೆನಪಾಗುತ್ತಿದ್ದದ್ದು ಆ ಗಿಡ್ಡ ಹಲಗೆ, ಅದರ ಮೇಲೆ ಕೂತ ಅವಳು, ಅವಳ ಕಡೆ ನೋಡದ ಅವ್ವನ ಬೆನ್ನು.

ನಮಗೆ ಎಲೊಕ್ಯೂಶನ್ ಕಲಿಸುತ್ತಿದ್ದವರು ಸಿಸ್ಟರ್ ಬೆನಿಟಾ. ಕಡ್ಡಿಯಂಥ ಬೆನ್ನು, ಗಂಟೆಯಂಥ ದನಿ. ವೇದಿಕೆಯ ಮೇಲೆ ಮಾತು ಮರೆತರೆ ಏನು ಮಾಡಬೇಕೆಂದು ಅವರು ಕಲಿಸಿದ್ದು ನನಗೆ ಇವತ್ತಿಗೂ ಬಾಯಿಪಾಠ.

“ಡೋಂಟ್ ಸ್ಟಾಪ್, ಡೋಂಟ್ ಸೇ ಸಾರಿ. ಸ್ಮೈಲ್ ಮಾಡಿ, ಮುಂದಿನ ಸಾಲಿಗೆ ಹೋಗಿ. ನೋಬಡಿ ವಿಲ್ ನೋಟಿಸ್. ಕಾನ್ಫಿಡೆನ್ಸ್, ಗರ್ಲ್ಸ್, ಕಾನ್ಫಿಡೆನ್ಸ್!”

ವೇದಿಕೆಗೆ ಅದು ಒಳ್ಳೆಯ ಮಾತೇ. ಸಿಸ್ಟರ್ ಅವರದೇನೂ ತಪ್ಪಿಲ್ಲ. ಅದನ್ನು ನಾನು ಎಲ್ಲಿಗೆಲ್ಲ ಹೊತ್ತುಕೊಂಡು ಹೋದೆ ಎನ್ನುವುದು ನನ್ನ ಹಣೆಬರಹ. ಧರ್ಮೋಪದೇಶದ ಪರೀಕ್ಷೆಯಲ್ಲಿ ‘ವಿಶ್ವಾಸವೆಂದರೇನು, ಭರವಸೆಯೆಂದರೇನು’ ಎಂಬ ಪ್ರಶ್ನೆಗಳಿಗೆ ಒಂದೂ ಕಾಮಾ ಬಿಡದೆ ಇಂಗ್ಲಿಷಿನಲ್ಲಿ ಉತ್ತರಿಸಿ ಫಸ್ಟ್ ಪ್ರೈಜ್ ತೆಗೆದುಕೊಂಡೆ. ಬೆಳ್ಳಿ ಬಣ್ಣದ ಪುಟ್ಟ ಶಿಲುಬೆ. ರಜೆಗೆ ಬಂದಾಗ ಅದನ್ನು ಅವ್ವನ ಕಣ್ಣೆದುರು ಆಡಿಸಿ ಕೇಳಿದೆ:

“ಅವ್ವ, ನಿಂಗೆ ದೇವ್ರ ಮ್ಯಾಲೆ ಟ್ರಸ್ಟ್ ಐತಾ? ಭರವಸೆ?”

“ನಂದು ಬಿಡು, ಒಂದಿನ ಇರ್ತೈತೆ, ಒಂದಿನ ಇರಲ್ಲ. ಅವ್ನಿಗೆ ನನ್ ಮ್ಯಾಲೆ ಐತಲ್ಲ.”

“ಅದೆಂಗೆ ಹೇಳ್ತೀಯ?”

“ಇಲ್ದಿದ್ರೆ ನಿಮ್ಮಿಬ್ರನ್ನ ನನ್ ಕೈಗೆ ಕೊಟ್ಟು ಸುಮ್ನೆ ಕುಂತಿರ್ತಿದ್ನಾ?”

ಲೂರ್ದು ಹಲಗೆಯ ಮೇಲಿನಿಂದಲೇ ಕಿಸಕ್ಕನೆ ನಕ್ಕಳು. ನನ್ನ ಪುಸ್ತಕದಲ್ಲಿ ಆ ಉತ್ತರ ಇರಲಿಲ್ಲ. ರಾಂಗ್ ಆನ್ಸರ್ ಎಂದುಕೊಂಡೆ. ಆದರೆ ರಾಂಗ್ ಆನ್ಸರ್ ಹೇಳಿದ ಅವ್ವ, ಅದಕ್ಕೆ ನಕ್ಕ ಲೂರ್ದು ಇಬ್ಬರೂ ಯಾವುದೋ ಒಂದು ಸುಖದ ಒಳಗಿದ್ದರು, ನಾನು ಶಿಲುಬೆ ಹಿಡಿದುಕೊಂಡು ಹೊರಗೆ ನಿಂತಿದ್ದೆ.

ಅದೇ ಬೇಸಿಗೆ ರಜೆಯಲ್ಲಿ ಚಳ್ಳಕೆರೆಯ ಎಣ್ಣೆ ಮಿಲ್ಲಿನ ಸಾವ್ಕಾರರ ಮನೆಯ ಮದುವೆಗೆ ಧಾರೆ ಸೀರೆ ಮಗ್ಗದ ಮೇಲಿತ್ತು. ಮಾವಿನ ಚಿಗುರಿನ ಬಣ್ಣದ ಒಡಲು, ನೇರಳೆ ಅಂಚು. ಸಾವ್ಕಾರರ ಹೆಂಡತಿ ಗೌರಮ್ಮನವರು ವರ್ಷಗಳಿಂದ ಅವ್ವನ ಕೈಯ ಸೀರೆಯನ್ನೇ ಉಡುತ್ತಿದ್ದವರು. ಸೋಮವಾರ ಸೀರೆ ತಲುಪಿಸಬೇಕು. ಶುಕ್ರವಾರ ಅವ್ವನಿಗೆ ಚಳಿಜ್ವರ. ಇನ್ನು ಒಂದೂವರೆ ಮೊಳ ನೇಯುವುದಿತ್ತು. ಅಪ್ಪ ಊರಲ್ಲಿರಲಿಲ್ಲ. ಅವ್ವ ಎರಡು ಕಂಬಳಿ ಹೊದ್ದು ಅಡುಗೆಮನೆಯಲ್ಲಿ ನಡುಗುತ್ತಾ ಮಲಗಿದ್ದಳು. ನಾನು ಗುಂಡಿಗೆ ಇಳಿದೆ. ಹಿಂದಿನ ರಜೆಗಳಲ್ಲಿ ಸಾದಾ ಪಟ್ಟಿ ನೇಯ್ದು ಅಭ್ಯಾಸವಿತ್ತು. ಹನ್ನೆರಡು ವರ್ಷದವಳ ಕಾಲು ತುಳಿಗೆಗೆ ಹೇಗೋ ಎಟುಕುತ್ತಿತ್ತು.

“ಅವ್ವ ಏಳ್ಲಿ ತಡಿಯಕ್ಕ,” ಎಂದಳು ಲೂರ್ದು.

“ನೀನ್ ಸುಮ್ನೆ ಅಂಚಿಗೆ ಕೂತ್ಕೊ. ಐ ನೋ.”

ಎಂಥ ಸುಖ ಅದು! ಅವ್ವನ ಜಾಗ, ಅವ್ವನ ಲಾಳಿ, ಅವ್ವನ ಬೆನ್ನು ತಾಗಿ ನುಣುಪಾದ ಗೋಡೆ. ಈಗ ನೋಡುವುದೋ ಬಿಡುವುದೋ ನನ್ನ ಇಷ್ಟ. ನೋಡದೇ ನೇಯಬೇಕೆಂದು ನಿಶ್ಚಯ ಮಾಡಿದ್ದೆ, ಅವ್ವನ ಹಾಗೆಯೇ. ನನ್ನಿಂದ ಆಗಲಿಲ್ಲ. ಪ್ರತಿ ಎಳೆಗೂ ನನ್ನ ಕಣ್ಣು ಎಡಗಡೆಗೆ ಓಡುತ್ತಿತ್ತು. ಅವಳು ತಪ್ಪಲಿ ಎಂದು ಕಾಯುತ್ತಿದ್ದೆ, ತಪ್ಪಿಯಾಳೆಂದು ಹೆದರುತ್ತಲೂ ಇದ್ದೆ. ಹಾಗೆ ನೋಡಿಸಿಕೊಂಡು ಅಭ್ಯಾಸವಿಲ್ಲದ ಲೂರ್ದುವಿನ ಬೆರಳು ತಡವರಿಸತೊಡಗಿದವು.

“ತಪ್ತಕ್ಕ. ನಾಕೆಳೆ.”

ಆಗ ನಾನು ನಾಲ್ಕು ಎಳೆ ಬಿಚ್ಚಬೇಕಾಗಿತ್ತು. ಎಷ್ಟು ಹೊತ್ತಿನ ಕೆಲಸ? ಆದರೆ ಬಿಚ್ಚಿದರೆ ನಾನು ನೇಯ್ದದ್ದು ತಪ್ಪಾಯಿತು ಎಂದಾಗುತ್ತದೆ. ಅವ್ವ ಅಡುಗೆಮನೆಯಿಂದ ಮಗ್ಗದ ಏಟನ್ನು ಎಣಿಸುತ್ತಿರುತ್ತಾಳೆ, ನಿಲ್ಲಿಸಿದರೆ ಗೊತ್ತಾಗುತ್ತದೆ.

“ಪರ್ವಾಗಿಲ್ಲ, ಮುಂದಕ್ ಹೋಗು. ನೋಬಡಿ ವಿಲ್ ನೋಟಿಸ್.”

“ಅಂಗಂದ್ರೆ?”

“ಯಾರಿಗೂ ಕಾಣಲ್ಲ ಅಂತ. ನಡಿ!”

“ಅಕ್ಕ, ಬಿಚ್ಚಕ್ಕ. ಅವ್ವ ಬಿಚ್ತಾಳೆ.”

“ನೀನ್ ನಂಗೆ ಕಲಿಸ್ತೀಯೇನೆ?”

ಮಾತಾಡುತ್ತಲೇ ನಾನು ಲಾಳಿ ಎಸೆಯುತ್ತಿದ್ದೆ, ಅವಳು ಅಳುತ್ತಾ ಕೊಂಡಿ ತಪ್ಪಿಸುತ್ತಿದ್ದಳು. “ಎಂಟಾತಕ್ಕ,” ಎಂದಳು ಕೊನೆಗೆ. ನಾನು ಬಾಗಿ, ಬೆರಳಿಗೆ ಎಂಜಲು ಮಾಡಿ, ಎಂಟನ್ನೂ ಒತ್ತಿ ಕೂರಿಸಿದೆ. ಚೆನ್ನಾಗಿಯೇ ಕೂತವು. ಆಮೇಲೆ ಅವಳ ಕಿವಿ ಹಿಡಿದು ಹೇಳಿದೆ:

“ಅವ್ವಂಗೆ ಹೇಳಿದ್ಯೋ, ಈ ಜ್ವರದಾಗೆ ಎದ್ದು ಬಂದು ಬಿಚ್ಚಾಕೆ ಕೂರ್ತಾಳೆ. ಏನಾದ್ರೂ ಆದ್ರೆ ಪಾಪ ನಿಂದೇ.”

ಒಂಬತ್ತು ವರ್ಷದ ಹುಡುಗಿ. ಪಾಪ ಎನ್ನುವ ಮಾತು ಉಪದೇಶಿಯ ಮನೆಯಲ್ಲಿ ಎಷ್ಟು ಭಾರ ಎಂದು ನನಗೆ ಗೊತ್ತಿತ್ತು, ಅದಕ್ಕೇ ಬಳಸಿದೆ. ಭಾನುವಾರ ಅವ್ವ ಎದ್ದು ಗೋಡೆ ಹಿಡಿದುಕೊಂಡು ಬಂದು, “ಹೆಂಗಾತು?” ಎಂದಾಗ ಲೂರ್ದು ಬಾಯಿ ತೆರೆಯುವ ಮುಂಚೆ ನಾನೇ ಹೇಳಿದೆ, “ಪರ್ಫೆಕ್ಟ್ ಅವ್ವ.” ಅವ್ವ ಬಲಗಡೆಯ ಅಂಚನ್ನು ಬೆಳಕಿಗೆ ಹಿಡಿದು, ಪೂರ್ತಿ ಸವರಿ ನೋಡಿದಳು. ಅದು ನನ್ನದು. ಎಡಗಡೆಯದನ್ನು ನೋಡಲಿಲ್ಲ. ಹಾಗೆಯೇ ಮಡಿಸಿದಳು.

ಸೋಮವಾರ ಮೂವರೂ ಬಸ್ಸಿನಲ್ಲಿ ಚಳ್ಳಕೆರೆಗೆ ಹೋದೆವು. ಗೌರಮ್ಮನವರ ಮನೆಯ ಪಡಸಾಲೆಯಲ್ಲಿ ಶೇಂಗಾ ಹಿಂಡಿಯ ಘಮ, ಹಣೆಯ ತುಂಬ ವಿಭೂತಿ ಹಚ್ಚಿದ ಆ ದೊಡ್ಡ ಹೆಂಗಸು, ನಮಗೆಲ್ಲ ಬೆಲ್ಲದ ಪಾನಕ. ಅವರು ಸೀರೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸವರಿದರು.

“ನಿನ್ ಕೈಯಿಂದು ಅಂದ್ರೆ ನಾನು ಬಿಡಿಸಿ ನೋಡೋದೇ ಇಲ್ಲ ಅನ್ನಮ್ಮ. ಮದ್ವಿ ಹುಡುಗಿ ನೋಡ್ಬೇಕಂತೆ, ಅದಕ್ಕೆ ಬಿಡಿಸ್ತೀನಿ,” ಎಂದು ನಗುತ್ತಾ ಬಿಡಿಸಿದರು. ಬಿಡಿಸುತ್ತಾ ಬಿಡಿಸುತ್ತಾ ಅವರ ಕೈ ಒಂದು ಕಡೆ ನಿಂತಿತು. ಕಿರುಬೆರಳು ಒಡಲಿಗೂ ಅಂಚಿಗೂ ನಡುವೆ ಮೆಲ್ಲಗೆ ತೂರಿ, ಆಚೆ ಕಡೆ ಉಗುರು ಕಂಡಿತು.

“ಇದೇನೇ ಅನ್ನಮ್ಮ? ಬೆರಳೇ ತೂರ್ತೈತಲ್ಲೇ! ಧಾರೆಗೆ ಸೀಳಿದ್ದು ಉಡ್ಸಾಕಾಗ್ತೈತೇನೇ?”

ಅವರ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಗಾಬರಿ ಇತ್ತು. ಅವ್ವ ಎದ್ದು ಹೋಗಿ ಆ ಸೀಳನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

“ನಂದೇ ತಪ್ಪು ಅಮ್ಮಾರೆ. ನಾನು ನೋಡ್ಲಿಲ್ಲ,” ಎಂದಳು. ಆಮೇಲೆ ಲೂರ್ದುವಿನ ಕಡೆ ತಿರುಗಿ, ಬೈಯುವ ದನಿಯಲ್ಲಲ್ಲ, ದಾರಿ ತಪ್ಪಿದವರು ದಾರಿ ಕೇಳುವ ದನಿಯಲ್ಲಿ ಕೇಳಿದಳು:

“ತಪ್ತು ಅಂತ ಹೇಳ್ಲಿಲ್ವಲ್ಲೇ ಲೂರ್ದು?”

ಲೂರ್ದು ನನ್ನನ್ನು ನೋಡಿದಳು. ನಾನು ಬಗ್ಗಿ ನನ್ನ ಕಾನ್ವೆಂಟ್ ಶೂಸಿನ ಬಕಲ್ ಸರಿಮಾಡತೊಡಗಿದೆ. ಅದು ಸರಿಯಾಗಿಯೇ ಇತ್ತು. ಅವಳು ಪಾನಕದ ಲೋಟವನ್ನು ಕೆಳಗಿಟ್ಟು, “ತಪ್ತವ್ವ,” ಎಂದಳು, ಅಷ್ಟೇ. ಎಷ್ಟೆಳೆ ಎಂದು ಅವ್ವ ಕೇಳಲಿಲ್ಲ. ಪಾನಕ ಅರ್ಧಕ್ಕೇ ಉಳಿಯಿತು.

ಮರುದಿನ ಮಗ್ಗಕ್ಕೆ ಹೊಸ ಸೀರೆಯ ಹಾಸಿನ ಎಳೆ ಏರಿಸಿದರು. ಲೂರ್ದು ಹಲಗೆಯ ಮೇಲೆ ಕೂತಳು. ಅವ್ವ ಗೇಣು ನೇಯ್ದು ಲಾಳಿ ನಿಲ್ಲಿಸಿದಳು, ಸೊಂಟ ತಿರುಗಿಸಿದಳು, ಲೂರ್ದುವಿನ ಅಂಚನ್ನು ಬೆಳಕಿಗೆ ಹಿಡಿದು ನೋಡಿದಳು. ಮೂಲೆಯಲ್ಲಿ ಕೂತು ನಾನು ಅದನ್ನು ಕಂಡೆ. ಟು ಬಿ ಫ್ರಾಂಕ್, ಮೊದಲು ನನಗಾದದ್ದು ಖುಷಿ. ವರ್ಷಗಳಿಂದ ಬೇಡಿದ್ದು ಒಂದೇ ಏಟಿಗೆ ಸಿಕ್ಕಿತ್ತು: ಅವಳೂ ಈಗ ನನ್ನ ಹಾಗೆಯೇ. ಆ ಖುಷಿ ಎರಡನೆಯ ಗೇಣಿನವರೆಗೂ ಬಾಳಲಿಲ್ಲ. ಅವ್ವ ನೋಡುತ್ತಿದ್ದ ಹಾಗೆ ಲೂರ್ದು ಕೈಯನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡು ತಲೆ ತಗ್ಗಿಸಿ ಕೂರುತ್ತಿದ್ದಳು, ಯಾರದೋ ಮನೆಗೆ ಕೆಲಸ ಕೇಳಲು ಬಂದವಳ ಹಾಗೆ. ಅವ್ವನ ಮುಖದಲ್ಲೂ ಸುಖವಿರಲಿಲ್ಲ. ನೋಡದೇ ನೇಯುವಾಗ ಅವಳು ಗುನುಗುತ್ತಿದ್ದ ಕೀರ್ತನೆ ನಿಂತುಹೋಗಿತ್ತು. ಆ ನಡುಮನೆಯಲ್ಲಿ ನಾನು ಒಳಗೆ ಹೋಗಲಾರದೆ ಹೊರಗೆ ನಿಂತು ನೋಡುತ್ತಿದ್ದ ಒಂದು ಸುಖವಿತ್ತಲ್ಲ, ಅದನ್ನು ನಾನು ಪಡೆದುಕೊಳ್ಳಲಿಲ್ಲ, ನಂದಿಸಿಬಿಟ್ಟೆ.

ಬೋರ್ಡಿಂಗಿಗೆ ಮರಳಿದ ಮೇಲೆ ಪಾಪನಿವೇದನೆಯ ಜಾಲರಿಯ ಮುಂದೆ ಮೊಣಕಾಲೂರಿ, “ಫಾದರ್, ತಂಗಿಯ ಮೇಲೆ ಹೊಟ್ಟೆಕಿಚ್ಚುಪಟ್ಟೆ,” ಎಂದೆ. ಪ್ರಾಯಶ್ಚಿತ್ತಕ್ಕೆ ಮೂರು ನಮೋ ಮರಿಯಾ ಜಪ ಸಿಕ್ಕಿತು. ಎಂಟು ಎಳೆಯ ವಿಷಯ ಹೇಳಲಿಲ್ಲ. ಜಾಲರಿಯಾಚೆಯ ದೇವರ ಎದುರಿಗೂ ಎಂಜಲು ಒತ್ತಿ ಮುಂದಿನ ಸಾಲಿಗೆ ಹೋದೆ.

ಕ್ರಿಸ್‌ಮಸ್ಸಿಗೆ ಮನೆಗೆ ಬಂದರೆ ಅವ್ವ ಮತ್ತೆ ಗುನುಗುತ್ತಿದ್ದಳು. ಲೂರ್ದು “ತಪ್ತವ್ವ” ಎಂದಳು, ಅವ್ವ “ಎಷ್ಟೆಳೆ?” ಎಂದಳು, ತಿರುಗಲಿಲ್ಲ. ನಾನು ಬಾಗಿಲಲ್ಲೇ ಟ್ರಂಕು ಹಿಡಿದುಕೊಂಡು ನಿಂತೆ. ಇಷ್ಟು ಬೇಗ ಹೇಗೆ ದಕ್ಕಿತು ಇವಳಿಗೆ? ನಾನು ನಡುವೆ ಇಲ್ಲದ ಏಳು ತಿಂಗಳಲ್ಲಿ ಏನು ಮಾಡಿದಳು? ಏನೂ ಮಾಡಿರಲಿಲ್ಲ. ತಪ್ಪುತ್ತಿದ್ದಳು, ಹೇಳುತ್ತಿದ್ದಳು. ಅದೊಂದನ್ನೇ. ಅವ್ವ ಅವಳನ್ನು ನಂಬಿದ್ದು ಅವಳ ಕೈಯನ್ನಲ್ಲ, ಆ ಒಂದು ಮಾತನ್ನು. ಇದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, ಅವತ್ತಲ್ಲ. ಅವತ್ತು ಮತ್ತೆ ಹಳೆಯ ಕಿಚ್ಚೇ ಹೊತ್ತಿಕೊಂಡಿತು.

ಆ ಸೀಳು ಸೀರೆ ನಮ್ಮ ಮನೆಗೇ ವಾಪಸಾಗಿತ್ತು. ಅವ್ವ ಅದೇ ನೇರಳೆ ಎಳೆಯಿಂದ ಸೀಳನ್ನು ಹೊಲಿದು ಪೆಟ್ಟಿಗೆಯಲ್ಲಿಟ್ಟಳು. ಲೂರ್ದುವಿನ ಮದುವೆಗೆ ಅದನ್ನೇ ಉಡಿಸಿದಳು. ನನ್ನ ಮದುವೆಗೆ ಅಪ್ಪ ಬಳ್ಳಾರಿಯಿಂದ ಬಿಳಿಯ ಸೀರೆ, ನೆಟ್ಟು, ವೇಲು ತರಿಸಿದ್ದ. ಎಲ್ಲರೂ ಆಹಾ ಎಂದಿದ್ದರು. ಆದರೆ ಲೂರ್ದು ಮಾವಿನ ಚಿಗುರಿನ ಬಣ್ಣದಲ್ಲಿ ದೇವಾಲಯದ ಬಾಗಿಲಿಗೆ ಬಂದು ನಿಂತಾಗ, ನಾನು, ಇಬ್ಬರು ಮಕ್ಕಳ ತಾಯಿ, ಹೈಸ್ಕೂಲಿನ ಇಂಗ್ಲಿಷ್ ಮಿಸ್, ನಾನೇ ಕೆಡಿಸಿದ ಸೀರೆಯ ಮೇಲೆ ಹೊಟ್ಟೆ ಉರಿದುಕೊಂಡೆ. ಹೌ ಸಿಲ್ಲಿ!

ಈಗ ಎಪ್ಪತ್ತರ ಮೇಲಾಯಿತು. ಚಳ್ಳಕೆರೆಯಲ್ಲಿದ್ದೇನೆ. ಮೊನ್ನೆ ನಮ್ಮ ಹೊಸ ಫಾದರ್, ಮೊಮ್ಮಗನ ವಯಸ್ಸಿನವರು, ಮನೆಗೆ ಬಂದು ಚಹಾ ಕುಡಿಯುತ್ತಾ ಕೇಳಿದರು: “ಮಿಸ್, ದೃಢೀಕರಣ ಸಂಸ್ಕಾರ ತಗೊಳ್ಳೋ ಮಕ್ಕಳಿಗೆ ಒಂದು ಕ್ಲಾಸ್ ತಗೋಬೇಕು ನೀವು. ಕಾನ್ಫಿಡೆನ್ಸ್ ಅಂಡ್ ಟ್ರಸ್ಟ್ ಇನ್ ಗಾಡ್. ನಿಮಗಿಂತ ಚೆನ್ನಾಗಿ ಯಾರು ಹೇಳ್ತಾರೆ?” ನಲವತ್ತು ವರ್ಷ ಹೇಳಿದ್ದನ್ನೇ ಮೂರು ಪುಟ ಬರೆದೆ. ಭರವಸೆ ಎಂದರೆ ದೇವರು ಕೈಬಿಡುವುದಿಲ್ಲ ಎಂಬ ಅಚಲ ನಿಶ್ಚಯ, ಇತ್ಯಾದಿ. ಓದಿ ನೋಡಿದೆ. ಪ್ರತಿ ಸಾಲೂ ಸರಿ. ಪ್ರತಿ ಸಾಲಿನ ಕೆಳಗೂ ನನ್ನ ಎಂಜಲು. ದೇವರು ನನ್ನ ತಪ್ಪನ್ನು ಕಂಡರೆ ಕೈಬಿಟ್ಟಾನೆಂದೇ ಅಲ್ಲವೇ ಇಷ್ಟು ವರ್ಷ ನಾನು ನಿಲ್ಲದೆ, ನಗುತ್ತಾ, ಮುಂದಿನ ಸಾಲಿಗೆ ಹೋದದ್ದು? ಭರವಸೆ ಇದ್ದವಳು ತಪ್ಪಿದೆ ಎಂದು ಹೇಳಿಬಿಡುತ್ತಾಳೆ, ಬಿಚ್ಚುವ ಕೈಯೊಂದಿದೆ ಎಂದು ಗೊತ್ತಿರುವುದರಿಂದ. ಕಾಗದವನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡು ಬೆಳಗಿನ ಬಸ್ಸಿಗೆ ಮೊಳಕಾಲ್ಮೂರಿಗೆ ಹೋದೆ.

ಲೂರ್ದು ಈಗಲೂ ಅದೇ ಮನೆಯಲ್ಲಿ, ಮಗ ಸೊಸೆಯರ ಜೊತೆ ಇದ್ದಾಳೆ. ಮಗ್ಗ ಇಲ್ಲ. ಗುಂಡಿಯನ್ನು ಮುಚ್ಚಿ ಮೇಲೆ ಕಡಪ ಕಲ್ಲು ಹಾಸಿದ್ದಾರೆ. ಪಟ ಅಲ್ಲೇ ಇದೆ, ಧೂಳಿಲ್ಲದೆ ಬರಿದಾಗಿ ಕಾಣುತ್ತದೆ. ಆ ಕಲ್ಲಿನ ಮೇಲೆ ಮೊರ ಇಟ್ಟುಕೊಂಡು ಅವಳು ಶೇಂಗಾ ಸುಲಿಯುತ್ತಿದ್ದಳು. ನಾನೂ ಕೂತೆ, ಎಡಗಡೆಗೆ. ಸ್ವಲ್ಪ ಹೊತ್ತು ಮಂಡಿನೋವು, ಬಿಪಿ ಮಾತ್ರೆ ಎಲ್ಲ ಮಾತಾಡಿದೆವು. ಆಮೇಲೆ ಅವಳು ಎದ್ದು ಹೋಗಿ ಪೆಟ್ಟಿಗೆಯಿಂದ ಆ ಸೀರೆ ತಂದು ನನ್ನ ತೊಡೆಯ ಮೇಲೆ ಹಾಕಿದಳು.

“ನಾನು ಹೋದಾಗ ಇದನ್ನೇ ಉಡಿಸ್ಬೇಕಕ್ಕ. ನೀನೇ ಉಡ್ಸು.”

“ಸೊಸೆ ಇದಾಳಲ್ಲೇ. ನಾನೇ ಮೊದ್ಲು ಹೋದ್ರೆ?”

“ಹೋದ್ರೆ ನಿಂಗೇ ಉಡುಸ್ತೀನಿ ಬಿಡು. ಅದ್ರ ಮ್ಯಾಲೆ ನಿನ್ ಕಣ್ಣು ಯಾವಾಗಿಂದ ಐತೆ ಅಂತ ನಂಗೊತ್ತಿಲ್ವಾ?” ಎಂದು ನಕ್ಕಳು. ಒಂದು ಕಾಯಿ ಒಡೆದು ಬೀಜ ಮೊರಕ್ಕೆ ಹಾಕಿದಳು. “ಸೊಸೆಗೆ ಆ ಹೊಲಿಗೆ ಎಲ್ಲೈತೆ ಅಂತ ಗೊತ್ತಿಲ್ಲ. ಅದು ಒಳಗಿನ ನೆರಿಗೆಗೆ ಹೋಗ್ಬೇಕು. ಯಾರಿಗೂ ಕಾಣ್ಬಾರ್ದು. ಆಮ್ಯಾಲೆ ನಾನೆದ್ದು ನೋಡಾಕಾಗಲ್ಲ ನೋಡು.”

ಸೀರೆಯ ಎಡಗಡೆಯ ಅಂಚನ್ನು ಬೆರಳಿನಿಂದ ಸವರಿಕೊಂಡು ಹೋದೆ. ಅವ್ವನ ಹೊಲಿಗೆ ಸಿಕ್ಕಿತು, ಸಣ್ಣ ಗಾಯದ ಕಲೆಯ ಹಾಗೆ. ಇದೂ ಇವಳಿಗೇ ಬರಬೇಕೇ? ನೋಡದೇ ಬಿಡುವುದನ್ನೂ ಇವಳೇ ಕಲಿತಿರಬೇಕೇ, ಅದೂ ನನ್ನನ್ನು ನಂಬಿ, ಎಲ್ಲರನ್ನೂ ಬಿಟ್ಟು ನನ್ನನ್ನು? ಹಳೆಯ ಕಿಚ್ಚು ಗಂಟಲವರೆಗೆ ಬಂತು. ಬಂದು, ಬೇರೆ ಮಾತಾಗಿ ಹೊರಬಿತ್ತು.

“ಲೂರ್ದು, ತಪ್ತು ಕಣೇ.”

ಅವಳ ಕೈ ಒಂದು ಕ್ಷಣ ನಿಂತಿತು.

“ಎಷ್ಟೆಳೆ?”

“ಎಂಟು.”

ಅವಳು ಮೊರದಿಂದ ಇನ್ನೊಂದು ಕಾಯಿ ತೆಗೆದುಕೊಂಡು ಒಡೆದಳು, ಬೀಜ ಉದುರಿಸಿದಳು, ಸಿಪ್ಪೆ ಬದಿಗಿಟ್ಟಳು. ನನ್ನ ಕಡೆ ತಿರುಗಿ ನೋಡಲಿಲ್ಲ.